ಸಿಗ್ನಲ್ ಇಲ್ಲದ ದಾರಿಯಲ್ಲಿ ಯುಎಚ್‌ಎಫ್ ರೇಡಿಯೋ: ಆಸ್ಟ್ರೇಲಿಯಾದ ಔಟ್‌ಬ್ಯಾಕ್‌ಗೆ ಹೊರಟವರಿಗೆ ಸಮಗ್ರ ಮಾರ್ಗದರ್ಶಿ

ದಕ್ಷಿಣ ಆಸ್ಟ್ರೇಲಿಯಾದ ಪೋರ್ಟ್ ಆಗಸ್ಟಾ ಬಿಟ್ಟು ಸ್ಟುವರ್ಟ್ ಹೆದ್ದಾರಿಯಲ್ಲಿ ಉತ್ತರಕ್ಕೆ, ಔಟ್‌ಬ್ಯಾಕ್ ಎಂಬ ಜನವಿರಳ ಒಳನಾಡಿಗೆ ಹೊರಟರೆ ಸ್ವಲ್ಪ ಹೊತ್ತಿನಲ್ಲೇ ಮೊಬೈಲ್ ಸಿಗ್ನಲ್ ಹೋಗುತ್ತದೆ. ಮುಂದಿನ ಊರು ಬರುವವರೆಗೆ ಫೋನ್ ಇದ್ದೂ ಇಲ್ಲದ ಹಾಗೆ. ಆದರೆ ಆ ರಸ್ತೆ ಮೌನವಾಗಿಲ್ಲ. ಲಾರಿ ಚಾಲಕರು, ಕ್ಯಾರವಾನ್ ಎಳೆದುಕೊಂಡು ಹೋಗುವವರು, ಸ್ಟೇಷನ್ ಎಂದು ಕರೆಯುವ ದೊಡ್ಡ ದನದ ಫಾರ್ಮ್‌ಗಳಲ್ಲಿ ಕೆಲಸ ಮಾಡುವವರು, ರಸ್ತೆ ದುರಸ್ತಿಯವರು ಎಲ್ಲರೂ ಯುಎಚ್‌ಎಫ್ ಸಿಬಿ (ಸಿಟಿಜನ್ ಬ್ಯಾಂಡ್, ಅಂದರೆ ಜನಸಾಮಾನ್ಯರಿಗೆ ಬಿಟ್ಟ) ರೇಡಿಯೋದಲ್ಲಿ ಮಾತಾಡುತ್ತಿರುತ್ತಾರೆ. ನಿಮ್ಮ ಕಾರಿನಲ್ಲಿ ರೇಡಿಯೋ ಇಲ್ಲದಿದ್ದರೆ ಅದು ನಿಮಗೆ ಕೇಳುವುದಿಲ್ಲ, ಅಷ್ಟೇ.

ಮೆಲ್ಬರ್ನ್, ಸಿಡ್ನಿ, ಅಡಿಲೇಡ್‌ಗಳ ಕನ್ನಡ ಕುಟುಂಬಗಳು ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಉಲುರುಗೋ ಫ್ಲಿಂಡರ್ಸ್ ಬೆಟ್ಟಗಳಿಗೋ ಕಾರಿನಲ್ಲೇ ಹೋಗುತ್ತವೆ. ನೀರು, ಪೆಟ್ರೋಲ್, ಸ್ಟೆಪ್ನಿ, ಚಕ್ಕುಲಿ ಡಬ್ಬ ಎಲ್ಲ ನೆನಪಾಗುತ್ತದೆ. ರೇಡಿಯೋ ಮಾತ್ರ ಬಿಟ್ಟುಹೋಗುತ್ತದೆ. ತಂದರೂ ಆಟಿಕೆಯ ಹಾಗೆ ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿರುತ್ತದೆ.

ಈ ಬರಹದಲ್ಲಿ ನಾನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ಈಗ ನಾನು ಬಟನ್ ಒತ್ತಿ ಮಾತಾಡಿದರೆ ಅದು ಯಾರಿಗೆ ಕೇಳುತ್ತದೆ? ಪ್ರಯಾಣದ ಯಾವ ಹಂತದಲ್ಲಿ ಕೇಳಿದರೂ ಇದಕ್ಕೆ ನಿಮ್ಮ ಹತ್ತಿರ ಉತ್ತರ ಇರಬೇಕು.

ಮೊದಲು ಕಾನೂನು

ಯುಎಚ್‌ಎಫ್ ಸಿಬಿ ಬಳಸುವವರು ಪರೀಕ್ಷೆ ಬರೆಯಬೇಕಿಲ್ಲ, ಹೆಸರು ನೋಂದಾಯಿಸಬೇಕಿಲ್ಲ, ಶುಲ್ಕವೂ ಇಲ್ಲ. ಅಲ್ಲಿನ ಸಂವಹನ ಪ್ರಾಧಿಕಾರವಾದ ಎಸಿಎಂಎ ಎಲ್ಲರಿಗೂ ಅನ್ವಯಿಸುವ ಒಂದು ವರ್ಗ ಪರವಾನಗಿ ಕೊಟ್ಟಿದೆ. ಅದರ ನಿಯಮ ಪಾಲಿಸಿದರೆ ಸಾಕು. ಫ್ರೀಕ್ವೆನ್ಸಿ 476 ಮತ್ತು 477 ಮೆಗಾಹರ್ಟ್ಸ್‌ನ ಆಸುಪಾಸು. ಒಟ್ಟು 80 ಚಾನಲ್. ಗರಿಷ್ಠ ಶಕ್ತಿ 5 ವಾಟ್.

ಹಳೇ ರೇಡಿಯೋಗಳಲ್ಲಿ 40 ಚಾನಲ್ ಮಾತ್ರ ಇರುತ್ತವೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ 80 ಚಾನಲ್‌ನದ್ದನ್ನೇ ನೋಡಿ. ಹೊಸ ಚಾನಲ್‌ಗಳು ಹಳೆಯವುಗಳ ನಡುವಿನ ಜಾಗದಲ್ಲೇ ಬಂದಿರುವುದರಿಂದ ಹಳೇ ಸೆಟ್‌ನಲ್ಲಿ ಪಕ್ಕದ ಚಾನಲ್‌ನ ಗದ್ದಲ ನುಗ್ಗುತ್ತದೆ. ಹೊಸ ಸೆಟ್‌ನವರ ದನಿಯೂ ಅದರಲ್ಲಿ ಸಣ್ಣಗೆ ಕೇಳಿಸುತ್ತದೆ.

ಕೈಯಲ್ಲಿ ಹಿಡಿಯುವುದೋ, ಕಾರಿಗೆ ಕೂರಿಸುವುದೋ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಡಾಂಬರು ರಸ್ತೆಯಲ್ಲಿ ಒಂದೇ ಸಲ ಹೋಗಿ ಬರುವವರಿಗೆ 5 ವಾಟ್‌ನ ಒಂದು ಒಳ್ಳೆ ಹ್ಯಾಂಡ್‌ಹೆಲ್ಡ್ ಸಾಕು. ಮಣ್ಣಿನ ದಾರಿ, ಮರಳುಗಾಡು, ಕ್ಯಾರವಾನ್ ಎಂದರೆ ಕಾರಿಗೆ ಕೂರಿಸುವ ರೇಡಿಯೋ ಬೇಕು, ಆಂಟೆನಾ ಹೊರಗಿರಬೇಕು. ಕಾರಿನ ಒಳಗೆ ಕೂತು ಹ್ಯಾಂಡ್‌ಹೆಲ್ಡ್‌ನಲ್ಲಿ ಮಾತಾಡಿದರೆ ಸುತ್ತಲಿನ ಲೋಹ ಸಿಗ್ನಲ್ಲನ್ನು ತಡೆಯುತ್ತದೆ. 5 ವಾಟ್ ಎಂದು ಡಬ್ಬದ ಮೇಲೆ ಬರೆದಿದ್ದರೂ ಹೊರಗೆ ಹೋಗುವುದು ಅದಕ್ಕಿಂತ ತುಂಬಾ ಕಡಿಮೆ.

ಕಾರಿಗೆ ಕೂರಿಸಿದ ಮೇಲೂ ಒಂದು ಹ್ಯಾಂಡ್‌ಹೆಲ್ಡ್ ಜೊತೆಗಿರಲಿ. ಮರಳಿನಲ್ಲಿ ಸಿಕ್ಕಿಕೊಂಡ ಗಾಡಿಯನ್ನು ಹೊರಗೆ ನಿಂತು ನಿರ್ದೇಶಿಸಲು, ಹಳ್ಳ ದಾಟುವ ಮೊದಲು ನಡೆದು ಆಳ ನೋಡಲು ಅದು ಬೇಕಾಗುತ್ತದೆ.

ಸಿಗರೇಟ್ ಲೈಟರ್ ಪ್ಲಗ್‌ನಿಂದ ಕರೆಂಟ್ ಕೊಡಬೇಡಿ. ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದು, ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿಸಿ. ಎಂಜಿನ್‌ನ ಕರಕರ ಸದ್ದು ರೇಡಿಯೋಗೆ ಬರುವುದು ಕಡಿಮೆಯಾಗುತ್ತದೆ. ಆಂಟೆನಾ ಜೋಡಿಸದೆ ಮಾತಾಡುವ ಬಟನ್ ಒತ್ತಲೇಬೇಡಿ. ಹೊರಗೆ ಹೋಗಬೇಕಾದ ಶಕ್ತಿ ಹಿಂದಕ್ಕೆ ಬಂದು ರೇಡಿಯೋದ ಒಳಭಾಗ ಸುಟ್ಟುಹೋಗಬಹುದು. ಕೂರಿಸಿದವರ ಹತ್ತಿರ ಎಸ್‌ಡಬ್ಲ್ಯೂಆರ್ ಮೀಟರ್ (ಎಷ್ಟು ಶಕ್ತಿ ಹಿಂದಕ್ಕೆ ಬರುತ್ತಿದೆ ಎಂದು ತೋರಿಸುವ ಸಾಧನ) ಇಟ್ಟು ನೋಡಿಸಿ. 1.5ಕ್ಕಿಂತ ಕಡಿಮೆ ಬಂದರೆ ಆಂಟೆನಾ, ಕೇಬಲ್ ಎರಡೂ ಸರಿಯಾಗಿವೆ.

ಆಂಟೆನಾ ಬಗ್ಗೆ ಸ್ವಲ್ಪ ಜಾಸ್ತಿ

ಹಣ ಖರ್ಚು ಮಾಡುವುದಿದ್ದರೆ ಇಲ್ಲಿ ಮಾಡಿ. ಅಂಗಡಿಯಲ್ಲಿ ಆಂಟೆನಾಗಳ ಮೇಲೆ 3, 6, 9 ಡಿಬಿಐ ಎಂದು ಬರೆದಿರುತ್ತದೆ. ಆಂಟೆನಾ ಸಿಗ್ನಲ್ಲನ್ನು ಒಂದು ದಿಕ್ಕಿಗೆ ಎಷ್ಟು ಒಟ್ಟುಗೂಡಿಸುತ್ತದೆ ಎಂಬುದರ ಅಳತೆ ಅದು. ಸಂಖ್ಯೆ ದೊಡ್ಡದಾದರೆ ಒಳ್ಳೆಯದು ಎಂದುಕೊಂಡು ಎಲ್ಲರೂ 9 ಕೇಳುತ್ತಾರೆ. ಆದರೆ ಆಂಟೆನಾ ಹೊಸ ಶಕ್ತಿಯನ್ನೇನೂ ತಯಾರಿಸುವುದಿಲ್ಲ. ಇದ್ದ ಶಕ್ತಿಯನ್ನೇ ಹರಡುತ್ತದೆ. ರೊಟ್ಟಿ ತಟ್ಟುವಾಗ ಉಂಡೆ ಅಗಲವಾದಷ್ಟೂ ತೆಳ್ಳಗಾಗುತ್ತದೆ, ಅಲ್ವಾ? 9 ಡಿಬಿಐ ಆಂಟೆನಾದ ಸಿಗ್ನಲ್ ಹಾಗೆ ತೆಳ್ಳಗೆ, ದೂರಕ್ಕೆ, ನೆಲಕ್ಕೆ ಸಮನಾಗಿ ಹೋಗುತ್ತದೆ. ನಲ್ಲಾರ್ಬರ್‌ನಂಥ ಚಪ್ಪಟೆ ಬಯಲಿಗೆ ಅದು ಸರಿ. ಬೆಟ್ಟದ ದಾರಿಯಲ್ಲಿ ನೀವು ಕಣಿವೆಯಲ್ಲಿದ್ದು ಗೆಳೆಯರು ಮೇಲಿದ್ದರೆ ಆ ತೆಳು ಸಿಗ್ನಲ್ ಅವರ ಕೆಳಗೇ ಹಾದುಹೋಗುತ್ತದೆ. ಅಲ್ಲಿ 3 ಡಿಬಿಐ ವಾಸಿ. ಎರಡೂ ಬಗೆಯ ನೆಲ ಇರುವ ಪ್ರಯಾಣಕ್ಕೆ 6 ಡಿಬಿಐ ಹಾಕಿಸಿ. ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ.

ಎಷ್ಟು ದೂರ ಕೇಳುತ್ತದೆ?

ಯುಎಚ್‌ಎಫ್ ತರಂಗ ಹೆಚ್ಚುಕಡಿಮೆ ನೇರವಾಗಿ ಹೋಗುತ್ತದೆ. ಭೂಮಿ ದುಂಡಗಿದೆ. ಹಾಗಾಗಿ ಮಿತಿ ಹಾಕುವುದು ವಾಟ್ ಅಲ್ಲ, ಎತ್ತರ. ಲೆಕ್ಕ ಸುಲಭ: ಆಂಟೆನಾ ನೆಲದಿಂದ ಎಷ್ಟು ಮೀಟರ್ ಎತ್ತರದಲ್ಲಿದೆಯೋ ಅದರ ವರ್ಗಮೂಲ ತೆಗೆದು 4.1ರಿಂದ ಗುಣಿಸಿ. ಬರುವುದು ಅದರ ರೇಡಿಯೋ ದಿಗಂತ, ಕಿಲೋಮೀಟರ್‌ಗಳಲ್ಲಿ. ಕಾರಿನ ಆಂಟೆನಾ 2 ಮೀಟರ್ ಎತ್ತರದಲ್ಲಿದ್ದರೆ ಸುಮಾರು 6 ಕಿ.ಮೀ. ಎದುರಿನ ಕಾರಿಗೂ ಅಷ್ಟೇ ಇರುವುದರಿಂದ ಎರಡನ್ನೂ ಕೂಡಿದರೆ 12 ಕಿ.ಮೀ. ಸಮತಟ್ಟಾದ ಬಯಲಲ್ಲಿ ಇದು ಅಂದಾಜು ಮಿತಿ. ಮರ, ಗುಡ್ಡ, ಮರಳ ದಿಬ್ಬ ಅಡ್ಡ ಬಂದರೆ ಒಂದೆರಡು ಕಿ.ಮೀ.ಗೆ ಇಳಿಯುವುದೂ ಉಂಟು.

ಈಗ ಅದೇ ಲೆಕ್ಕವನ್ನು ಸುತ್ತಲಿನ ನೆಲಕ್ಕಿಂತ 300 ಮೀಟರ್ ಎತ್ತರದ ಗುಡ್ಡದ ತುದಿಗೆ ಹಾಕಿ. ಅದರ ದಿಗಂತ 71 ಕಿ.ಮೀ. ಕಾರಿನ 6 ಸೇರಿಸಿದರೆ 77. ಗುಡ್ಡದ ಈ ಬದಿಗೆ 70 ಕಿ.ಮೀ. ದೂರದಲ್ಲಿ ನೀವು, ಆ ಬದಿಗೆ ಅಷ್ಟೇ ದೂರದಲ್ಲಿ ಇನ್ನೊಬ್ಬರು ಇದ್ದರೂ ಇಬ್ಬರ ಸಿಗ್ನಲ್ ಗುಡ್ಡದ ತುದಿಗೆ ಮುಟ್ಟುತ್ತದೆ. ಅಲ್ಲಿ ನಿಮ್ಮ ಮಾತು ಕೇಳಿ ಅದನ್ನೇ ಮತ್ತೆ ಪ್ರಸಾರ ಮಾಡುವ ಪೆಟ್ಟಿಗೆ ಇದ್ದರೆ ಇಬ್ಬರೂ ಮಾತಾಡಬಹುದು. ಆ ಪೆಟ್ಟಿಗೆಯೇ ರಿಪೀಟರ್.

ಯಾವ ಚಾನಲ್ ಯಾವುದಕ್ಕೆ?

ಎಂಬತ್ತೂ ಬಾಯಿಪಾಠ ಬೇಡ. ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು ಡ್ಯಾಶ್‌ಬೋರ್ಡ್‌ಗೆ ಅಂಟಿಸಿ:

– 5 ಮತ್ತು 35: ತುರ್ತು ಪರಿಸ್ಥಿತಿಗೆ ಮಾತ್ರ. ಪರೀಕ್ಷೆ ಮಾಡಲೂ ಬಳಸಬಾರದು.
– 40: ಹೆದ್ದಾರಿಯ ಚಾನಲ್. ಲಾರಿಗಳವರೆಲ್ಲ ಇಲ್ಲೇ ಇರುತ್ತಾರೆ.
– 18: ಕ್ಯಾರವಾನ್‌ನವರದು.
– 10: ಫೋರ್ ವೀಲ್ ಡ್ರೈವ್ ಗುಂಪುಗಳದು. ಸಿಂಪ್ಸನ್ ಮರುಭೂಮಿ ದಾಟುವವರು ಇದರಲ್ಲೇ ಇರುತ್ತಾರೆ.
– 11: ಕರೆಯಲು ಮಾತ್ರ. ಆ ಕಡೆಯವರು ಸಿಕ್ಕ ಕೂಡಲೇ ಬೇರೆ ಚಾನಲ್‌ಗೆ ಹೋಗಬೇಕು.
– 22 ಮತ್ತು 23: ಯಂತ್ರಗಳ ಮಾಹಿತಿಗೆ ಮೀಸಲು. ಮಾತಾಡುವಂತಿಲ್ಲ. 61, 62, 63ರಲ್ಲೂ ಮಾತಾಡುವಂತಿಲ್ಲ.
– 1ರಿಂದ 8, 31ರಿಂದ 38, 41ರಿಂದ 48, 71ರಿಂದ 78: ರಿಪೀಟರ್‌ಗಳವು.

ಉಳಿದವು ನಿಮ್ಮ ಮನೆಮಾತಿಗೆ. ಎರಡು ಮೂರು ಕಾರಿನಲ್ಲಿ ಹೋಗುವಾಗ 12ರಿಂದ 17ರೊಳಗೋ 49ರಿಂದ 60ರೊಳಗೋ ಒಂದನ್ನು ಆರಿಸಿಕೊಂಡು ಕನ್ನಡದಲ್ಲಿ ಎಷ್ಟು ಬೇಕಾದರೂ ಹರಟೆ ಹೊಡೆಯಿರಿ. 40ರಲ್ಲೂ ತುರ್ತು ಚಾನಲ್‌ನಲ್ಲೂ ಮಾತ್ರ ಇಂಗ್ಲಿಷ್. ಅಲ್ಲಿ ಕೇಳುತ್ತಿರುವವರಿಗೆ ನಿಮ್ಮ ಮಾತು ಅರ್ಥವಾಗಬೇಕು.

ಹೆದ್ದಾರಿಯಲ್ಲಿ: ರೋಡ್ ಟ್ರೇನ್ ಹಿಂದೆ

ರೇಡಿಯೋ ದಿನದಿನಕ್ಕೂ ಕೆಲಸಕ್ಕೆ ಬರುವುದು ಇಲ್ಲಿ. ರೋಡ್ ಟ್ರೇನ್ ಎಂದರೆ ಒಂದರ ಹಿಂದೆ ಒಂದು ಟ್ರೈಲರ್ ಕಟ್ಟಿದ ಲಾರಿ. ಉದ್ದ 53.5 ಮೀಟರ್‌ವರೆಗೆ ಇರಬಹುದು. ಅದು 100 ಕಿ.ಮೀ. ವೇಗದಲ್ಲಿ, ನೀವು 110ರಲ್ಲಿ ಹೋಗುತ್ತಿದ್ದೀರಿ ಅಂದುಕೊಳ್ಳಿ. ಹಿಂದೆ ಮುಂದೆ ಬಿಡಬೇಕಾದ ಜಾಗ ಸೇರಿಸಿ 100 ಮೀಟರ್ ಮುಂದಾಗಲು 36 ಸೆಕೆಂಡ್ ಬೇಕು. ಅಷ್ಟರಲ್ಲಿ ನೀವು ಎದುರು ಲೇನ್‌ನಲ್ಲಿ ಒಂದು ಕಿಲೋಮೀಟರ್‌ಗೂ ಜಾಸ್ತಿ ಹೋಗಿರುತ್ತೀರಿ. ಟ್ರೈಲರ್‌ಗಳ ಹಿಂದೆ ಕೂತ ನಿಮಗೆ ಮುಂದಿನದು ಕಾಣುವುದಿಲ್ಲ. ಎತ್ತರದಲ್ಲಿ ಕೂತ ಚಾಲಕರಿಗೆ ಕಾಣುತ್ತದೆ.

ಚಾನಲ್ 40ಕ್ಕೆ ಹೋಗಿ. ಯಾರಾದರೂ ಮಾತಾಡುತ್ತಿದ್ದಾರಾ ಎಂದು ಕೇಳಿ. ಬಟನ್ ಒತ್ತಿ, ಒಂದು ಕ್ಷಣ ಬಿಟ್ಟು ಶುರು ಮಾಡಿ. ಬಾಯಿಗೂ ಮೈಕ್‌ಗೂ ಮೂರ್ನಾಲ್ಕು ಬೆರಳಿನ ಅಂತರ ಇರಲಿ. ಯಾವ ದಿಕ್ಕಿನ ಲಾರಿ, ನೀವು ಯಾರು, ಏನು ಬೇಕು, ಈ ಮೂರನ್ನು ಹೇಳಿ: "ನಾರ್ತ್‌ಬೌಂಡ್ ರೋಡ್ ಟ್ರೇನ್, ವೈಟ್ ಪ್ರಾಡೊ ಬಿಹೈಂಡ್ ಯು, ಟೋಯಿಂಗ್ ಎ ವ್ಯಾನ್. ಓಕೆ ಟು ಕಮ್ ಅರೌಂಡ್?" ಬಟನ್ ಬಿಡಿ. ಬಿಡದೆ ಅವರ ಉತ್ತರ ಕೇಳುವುದಿಲ್ಲ. ಹೊಸಬರು ಮರೆಯುವುದೇ ಇದನ್ನು.

ದಾರಿ ಖಾಲಿ ಇದ್ದರೆ ಅವರು ಹೇಳುತ್ತಾರೆ. ಆದರೂ ನೋಡಿಕೊಂಡು ನುಗ್ಗುವ ಜವಾಬ್ದಾರಿ ಪೂರ್ತಿ ನಿಮ್ಮದೇ. ದಾಟಿದ ಮೇಲೆ ಒಂದು ಥ್ಯಾಂಕ್ಸ್ ಹೇಳಿ.

ಸಿಂಪ್ಸನ್‌ನಲ್ಲಿ ಇದೇ ಶಿಸ್ತು ಬೇರೆ ರೂಪದಲ್ಲಿ ಬೇಕು. ಸಾವಿರಕ್ಕೂ ಹೆಚ್ಚು ಮರಳ ದಿಬ್ಬಗಳು, ಪ್ರತಿ ದಿಬ್ಬದ ಆ ಬದಿ ಕುರುಡು. ಗಾಡಿಗೆ ಎತ್ತರದ ಬಾವುಟ ಕಟ್ಟುವುದು ಕಡ್ಡಾಯ. ಅದರ ಜೊತೆಗೆ ಚಾನಲ್ 10ರಲ್ಲಿ ಆಗಾಗ ಎಷ್ಟು ಗಾಡಿ, ಯಾವ ದಿಕ್ಕಿಗೆ, ಎಲ್ಲಿ ಎಂದು ಹೇಳುತ್ತಾ ಹೋಗಬೇಕು. ದಿಬ್ಬದ ತುದಿಯಲ್ಲಿ ಹೇಳಿದರೆ ದೂರಕ್ಕೆ ಕೇಳುತ್ತದೆ. ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಹೇಳಿದರೆ ಪಕ್ಕದ ತಗ್ಗಿಗೂ ಕೇಳದೆ ಹೋಗಬಹುದು.

ರಿಪೀಟರ್ ಬಳಸುವುದು, ಹಂತ ಹಂತವಾಗಿ

ರಿಪೀಟರ್ ಒಂದು ಚಾನಲ್‌ನಲ್ಲಿ ಕೇಳಿಸಿಕೊಂಡು ಅದೇ ಹೊತ್ತಿಗೆ ಇನ್ನೊಂದರಲ್ಲಿ ಹೇಳುತ್ತದೆ. ನೀವು ಕೇಳುವ ಚಾನಲ್‌ಗೆ 30 ಕೂಡಿದರೆ ನೀವು ಮಾತಾಡಬೇಕಾದ ಚಾನಲ್. 1ರ ರಿಪೀಟರ್‌ಗೆ 31ರಲ್ಲಿ ಮಾತು ಹೋಗಬೇಕು, 4ಕ್ಕೆ 34ರಲ್ಲಿ, 41ಕ್ಕೆ 71ರಲ್ಲಿ. ಎರಡರ ನಡುವೆ 750 ಕಿಲೋಹರ್ಟ್ಸ್ ಅಂತರ. ಇದನ್ನು ನೀವೇ ತಿರುಗಿಸುತ್ತಾ ಕೂರಬೇಕಿಲ್ಲ. ಡ್ಯುಪ್ಲೆಕ್ಸ್ ಬಟನ್ ಒತ್ತಿದರೆ ರೇಡಿಯೋ ತಾನೇ ಮಾಡುತ್ತದೆ.

ಮನೆಯಲ್ಲೇ ಮಾಡಬೇಕಾದ್ದು: ಹೋಗುವ ದಾರಿಯ ರಿಪೀಟರ್‌ಗಳ ಪಟ್ಟಿ ಮಾಡಿ. ಎಸಿಎಂಎಯ ಪರವಾನಗಿ ಪಟ್ಟಿಯಲ್ಲಿ ಅವು ಎಲ್ಲಿವೆ, ಯಾವ ಚಾನಲ್ ಎಂಬುದು ಸಿಗುತ್ತದೆ. ನಕ್ಷೆಯ ಮೇಲೆ ಗುರುತಿಸಿ ಕಾಗದದಲ್ಲಿ ಮುದ್ರಿಸಿಕೊಳ್ಳಿ. ಪಟ್ಟಿಯಲ್ಲಿದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದು ನಂಬಬೇಡಿ. ದೂರದ ಗುಡ್ಡಗಳಲ್ಲಿ ಸೌರಶಕ್ತಿ ಮೇಲೆ ನಡೆಯುವ ರಿಪೀಟರ್‌ಗಳಿವೆ. ಅವನ್ನು ಸ್ಥಳೀಯರು, ಸ್ವಯಂಸೇವಕರು ನೋಡಿಕೊಳ್ಳುತ್ತಾರೆ. ಕೆಟ್ಟರೆ ದುರಸ್ತಿಗೆ ದಿನ ಹಿಡಿಯುತ್ತದೆ.

ಆ ಪ್ರದೇಶ ತಲುಪಿದ ಮೇಲೆ ಪಟ್ಟಿಯಲ್ಲಿನ ಚಾನಲ್‌ಗೆ ತಿರುಗಿಸಿ. ಡ್ಯುಪ್ಲೆಕ್ಸ್ ಆನ್ ಮಾಡಿ. ಪರದೆಯ ಮೇಲೆ ಅದರ ಗುರುತು ಬಂತಾ ನೋಡಿ. ಸ್ವಲ್ಪ ಹೊತ್ತು ಕೇಳಿ. ಯಾರೂ ಮಾತಾಡುತ್ತಿಲ್ಲದಿದ್ದರೆ ಬಟನ್ ಒತ್ತಿ, ಪೂರ್ತಿ ಒಂದು ಸೆಕೆಂಡ್ ಬಿಟ್ಟು, ರೇಡಿಯೋ ಚೆಕ್ ಎಂದು ಕೇಳಿ, ಬಟನ್ ಬಿಡಿ. ಈಗ ಗಮನ ಇಡಿ. ನೀವು ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಸಿಗ್ನಲ್ ಮೀಟರ್ ಏರಿದ್ದು, ಸಣ್ಣ ಸದ್ದೋ ಬೀಪೋ ಬಂದು ನಿಂತರೆ ರಿಪೀಟರ್ ನಿಮ್ಮ ಸಿಗ್ನಲ್ ಹಿಡಿದಿದೆ. ಏನೂ ಬರದಿದ್ದರೆ ಹಿಡಿದಿಲ್ಲ. ಎತ್ತರದ ಜಾಗಕ್ಕೆ ಹೋಗಿ ಮತ್ತೆ ನೋಡಿ. ಕೆಲವೊಮ್ಮೆ ಕಾರನ್ನು ಒಂದೆರಡು ಮೀಟರ್ ಹಿಂದೆ ಮುಂದೆ ಸರಿಸಿದರೂ ಸಾಕಾಗುತ್ತದೆ.

ಆ ಒಂದು ಸೆಕೆಂಡ್ ಯಾಕೆ ಅಂದರೆ ರಿಪೀಟರ್ ಎಚ್ಚರವಾಗಲು ಸ್ವಲ್ಪ ಹೊತ್ತು ಬೇಕು. ಒತ್ತಿದ ಕೂಡಲೇ ಮಾತಾಡಿದರೆ ಮೊದಲ ಪದವೇ ನುಂಗಿಹೋಗುತ್ತದೆ. "ಡೋಂಟ್ ಕಮ್" ಎಂದದ್ದು ಬರೀ "ಕಮ್" ಎಂದು ಕೇಳಿಸಿದರೆ ಏನಾಗಬಹುದು ಯೋಚಿಸಿ.

ಮಾತು ಚಿಕ್ಕದಿರಲಿ. ತುಂಬಾ ಹೊತ್ತು ಬಟನ್ ಒತ್ತಿಹಿಡಿದರೆ ಹೆಚ್ಚಿನ ರಿಪೀಟರ್‌ಗಳು ನಡುವೆಯೇ ಕಡಿದುಹಾಕುತ್ತವೆ. ಒಬ್ಬರು ಮುಗಿಸಿದ ಮೇಲೆ ಸ್ವಲ್ಪ ಬಿಡುವು ಕೊಡಿ. ಆ ಬಿಡುವಿನಲ್ಲಿ ನಿಜವಾಗಿ ಕಷ್ಟದಲ್ಲಿರುವವರು ಒಳಗೆ ಬರಬಹುದು. ಮಾತಾಡುವ ಇಬ್ಬರೂ ಹತ್ತಿರವೇ ಇದ್ದರೆ ರಿಪೀಟರ್ ಬಿಟ್ಟು ಸಾಮಾನ್ಯ ಚಾನಲ್‌ಗೆ ಹೋಗಿ.

ಇನ್ನು ದಯವಿಟ್ಟು ನೆನಪಿಡಬೇಕಾದ ಮಾತು. ರಿಪೀಟರ್ ವ್ಯಾಪ್ತಿ ದಾಟಿದ ಮೇಲೂ ಡ್ಯುಪ್ಲೆಕ್ಸ್ ಆನ್ ಇದ್ದರೆ ಎದುರಿನ ಕಾರಿಗೂ ನಿಮ್ಮ ದನಿ ಕೇಳುವುದಿಲ್ಲ. ನೀವು 31ರಲ್ಲಿ ಕೂಗುತ್ತಿರುತ್ತೀರಿ, ಅವರು 1ರಲ್ಲಿ ಕಿವಿಗೊಟ್ಟು ಕೂತಿರುತ್ತಾರೆ. ರೇಡಿಯೋ ಕೆಟ್ಟಿದೆ ಎಂದು ಇಬ್ಬರಿಗೂ ಅನಿಸುತ್ತದೆ. ಕೆಟ್ಟಿರುವುದಿಲ್ಲ, ಬಟನ್ ಅಷ್ಟೇ. ಹಾಗೆಯೇ 31ರಿಂದ 38, 71ರಿಂದ 78ರಲ್ಲಿ ಸುಮ್ನೆ ಹರಟಬೇಡಿ. ಹತ್ತಿರದಲ್ಲಿ ರಿಪೀಟರ್ ಇದ್ದರೆ ನಿಮ್ಮ ಹರಟೆ ಇಡೀ ಜಿಲ್ಲೆಗೆ ಕೇಳುತ್ತದೆ, ಬೇರೆಯವರ ದಾರಿಯೂ ಮುಚ್ಚುತ್ತದೆ.

ಸ್ಕ್ವೆಲ್ಚ್, ಟೋನ್, ಸ್ಕ್ಯಾನ್

ಸ್ಕ್ವೆಲ್ಚ್ ಎಂದರೆ ಖಾಲಿ ಚಾನಲ್‌ನ ಭರ್ರೆನ್ನುವ ಸದ್ದನ್ನು ಮುಚ್ಚುವ ಬಾಗಿಲು. ಸದ್ದು ನಿಲ್ಲುವಷ್ಟು ಮಾತ್ರ ಏರಿಸಿ. ಜಾಸ್ತಿ ಏರಿಸಿದರೆ ದೂರದಿಂದ ಬರುವ ಕ್ಷೀಣ ದನಿಯೂ ಮುಚ್ಚಿಹೋಗುತ್ತದೆ. ಸಿಟಿಸಿಎಸ್‌ಎಸ್ ಎಂಬ ಟೋನ್ ವ್ಯವಸ್ಥೆ ನಿಮ್ಮ ಗುಂಪಿನವರ ಮಾತನ್ನು ಮಾತ್ರ ಕೇಳಿಸುತ್ತದೆ. ನಗರದಲ್ಲಿ ಸರಿ. ಔಟ್‌ಬ್ಯಾಕ್‌ನಲ್ಲಿ ಅದನ್ನು ಆಫ್ ಮಾಡಿ. ಅದು ಆನ್ ಇದ್ದರೆ ನಿಮ್ಮನ್ನು ಎಚ್ಚರಿಸಲು ಕೂಗುತ್ತಿರುವ ಲಾರಿಯವರ ದನಿ ನಿಮಗೆ ಕೇಳುವುದೇ ಇಲ್ಲ. ಸ್ಕ್ಯಾನ್ ಇದ್ದರೆ ನಿಮ್ಮ ಗುಂಪಿನ ಚಾನಲ್, 40, 5 ಈ ಮೂರನ್ನು ಹಾಕಿಡಿ.

ತುರ್ತು ಬಂದಾಗ

ಮೊದಲು ಡ್ಯುಪ್ಲೆಕ್ಸ್ ಆನ್ ಮಾಡಿ ಚಾನಲ್ 5ರಲ್ಲಿ ಕರೆಯಿರಿ. ತುರ್ತು ರಿಪೀಟರ್ ಇದ್ದರೆ ದೂರಕ್ಕೆ ತಲುಪುತ್ತದೆ. ಉತ್ತರ ಇಲ್ಲದಿದ್ದರೆ ಡ್ಯುಪ್ಲೆಕ್ಸ್ ಆಫ್ ಮಾಡಿ ಅದೇ 5ರಲ್ಲಿ ಮತ್ತೆ ಕರೆಯಿರಿ. ಎರಡನ್ನೂ ಮಾಡುವುದು ಮುಖ್ಯ. ರಿಪೀಟರ್ ಇಲ್ಲದ ಕಡೆ ಡ್ಯುಪ್ಲೆಕ್ಸ್‌ನಲ್ಲಿ ಕರೆದರೆ ಪಕ್ಕದ ಗುಡ್ಡದಾಚೆಯ ಕಾರಿಗೂ ಕೇಳದು. ಆಗಲೂ ಯಾರೂ ಇಲ್ಲದಿದ್ದರೆ 40, ಆಮೇಲೆ 10, 18.

5ನ್ನು ಸದಾ ಕೇಳುತ್ತಾ ಕೂತ ಸರ್ಕಾರಿ ಕಚೇರಿ ಇರುತ್ತದೆ ಎಂದು ಎಣಿಸಬೇಡಿ. ಆ ಕ್ಷಣ ಹತ್ತಿರದಲ್ಲಿ ರೇಡಿಯೋ ಆನ್ ಇಟ್ಟವರು ಯಾರೋ ಅವರೇ ನಿಮ್ಮ ನೆರವು.

ಏನು ಹೇಳಬೇಕು? ನೀವು ಯಾರು, ಎಲ್ಲಿದ್ದೀರಿ, ಏನಾಯಿತು, ಎಷ್ಟು ಜನಕ್ಕೆ ಏಟಾಗಿದೆ, ಏನು ಬೇಕು. ಜಾಗವನ್ನು ಎರಡು ಸಲ ಹೇಳಿ. ಸಿಗ್ನಲ್ ಇಲ್ಲದಿದ್ದರೂ ಫೋನ್‌ನ ಜಿಪಿಎಸ್ ಕೆಲಸ ಮಾಡುತ್ತದೆ. ಎಮರ್ಜೆನ್ಸಿ ಪ್ಲಸ್ ಎಂಬ ಆ್ಯಪ್ ಅಕ್ಷಾಂಶ, ರೇಖಾಂಶ ತೋರಿಸುತ್ತದೆ. ಹೊರಡುವ ಮೊದಲೇ ಹಾಕಿಕೊಳ್ಳಿ. ಕೇಳಿಸಿಕೊಂಡವರಿಗೆ ಅದನ್ನೇ ತಿರುಗಿ ಹೇಳಲು ಕೇಳಿ, ಸರಿ ಇದೆಯಾ ನೋಡಿ. ಸಿಗ್ನಲ್ ಇರುವ ಕಡೆ ಹೋಗಿ ಅಲ್ಲಿನ ತುರ್ತು ಸಂಖ್ಯೆ 000ಗೆ ಕರೆ ಮಾಡಲು ಅವರನ್ನೇ ಕೇಳಿಕೊಳ್ಳಬಹುದು. ನೀವು ಕಾರು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯರಿಗಿಂತ ಕಾರು ಬೇಗ ಕಾಣುತ್ತದೆ.

ಬೇರೆಯವರ ತುರ್ತು ಕರೆ ನಿಮಗೆ ಕೇಳಿದರೆ ಮೊದಲು ಸುಮ್ಮನಿರಿ. ಇನ್ಯಾರೂ ಉತ್ತರಿಸದಿದ್ದರೆ ನೀವು ಉತ್ತರಿಸಿ, ಪೆನ್ನು ಹಿಡಿದು ಎಲ್ಲವನ್ನೂ ಬರೆದುಕೊಳ್ಳಿ.

ಯುಎಚ್‌ಎಫ್ ಮುಟ್ಟದ ಕಡೆ

ಸುತ್ತಲೂ ಯಾರೂ ಇಲ್ಲದ, ರಿಪೀಟರೂ ಇಲ್ಲದ ಜಾಗಗಳು ಆ ದೇಶದಲ್ಲಿ ಬಹಳ. ಅಲ್ಲಿಗೆ ಬರೀ ಯುಎಚ್‌ಎಫ್ ನಂಬಿಕೊಂಡು ಹೋಗಬಾರದು. ಒಂದು ಪಿಎಲ್‌ಬಿ (ಪರ್ಸನಲ್ ಲೊಕೇಟರ್ ಬೀಕನ್) ಕೊಳ್ಳಿ. ಅಂಗೈಯಗಲದ ಪೆಟ್ಟಿಗೆ. ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಗಳಿಗೆ ಸಂಕೇತ ಹೋಗಿ ಆಸ್ಟ್ರೇಲಿಯಾದ ಕಡಲ ಸುರಕ್ಷತಾ ಪ್ರಾಧಿಕಾರವಾದ ಎಎಂಎಸ್‌ಎಯ ರಕ್ಷಣಾ ಕೇಂದ್ರಕ್ಕೆ ತಿಳಿಯುತ್ತದೆ. ನೋಂದಣಿ ಉಚಿತ, ಮರೆಯದೆ ಮಾಡಿಸಿ. ಪ್ರಾಣಾಪಾಯ ಇದ್ದಾಗ ಮಾತ್ರ ಒತ್ತಬೇಕು. ಮಾತಾಡಲೇಬೇಕು ಎಂದರೆ ಉಪಗ್ರಹ ಫೋನ್ ಬಾಡಿಗೆಗೆ ಸಿಗುತ್ತದೆ. ಐಫೋನ್ 14 ಮತ್ತು ನಂತರದವುಗಳಲ್ಲಿ 2023ರಿಂದ ಅಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸಬಹುದು.

ಇನ್ನೊಂದು ಎಚ್‌ಎಫ್ (ಹೈ ಫ್ರೀಕ್ವೆನ್ಸಿ) ರೇಡಿಯೋ. ಅದರ ತರಂಗ ಆಕಾಶದ ಮೇಲ್ಪದರಕ್ಕೆ ಬಡಿದು ಮರಳುವುದರಿಂದ ಸಾವಿರಾರು ಕಿ.ಮೀ. ಹೋಗುತ್ತದೆ. ಔಟ್‌ಬ್ಯಾಕ್‌ನ ಬದುಕು ನಿಂತಿದ್ದೇ ಇದರ ಮೇಲೆ. 1928ರಲ್ಲಿ ಜಾನ್ ಫ್ಲಿನ್ ಕ್ಲಾನ್‌ಕರಿಯಲ್ಲಿ ಹಾರುವ ವೈದ್ಯರ ಸೇವೆ ಶುರು ಮಾಡಿದರು. ಮರುವರ್ಷವೇ ಆಲ್ಫ್ರೆಡ್ ಟ್ರೇಗರ್ ಅವರ ಪೆಡಲ್ ರೇಡಿಯೋ ಬಂತು. ವಿದ್ಯುತ್ ಇಲ್ಲದ ಮನೆಯವರೂ ಕಾಲಲ್ಲಿ ತುಳಿಯುತ್ತಾ ವೈದ್ಯರನ್ನು ಕರೆಯುವ ಹಾಗಾಯಿತು. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ ಮಕ್ಕಳಿಗೆ ಇದೇ ರೇಡಿಯೋದಲ್ಲಿ ಪಾಠ ಶುರುವಾಯಿತು. ಈಗಲೂ ವಿಕೆಎಸ್-737 ಎಂಬ ಜಾಲಕ್ಕೆ ಸದಸ್ಯರಾಗಿ ದಿನದ ಗೊತ್ತಾದ ಹೊತ್ತಿಗೆ ನೀವಿರುವ ಜಾಗ ತಿಳಿಸಬಹುದು. ತಿಂಗಳುಗಟ್ಟಲೆ ತಿರುಗುವವರಿಗೆ ಇದು ಬೆಲೆಬಾಳುವ ನೆರವು. ಎರಡು ವಾರದ ರಜೆಗೆ ಪಿಎಲ್‌ಬಿ ಸಾಕು.

ಹೊರಡುವ ಮೊದಲು ಮನೆಮಂದಿಗೆಲ್ಲ ಕಲಿಸಿ

ರೇಡಿಯೋ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಅವರಿಗೇ ಏಟಾದ ದಿನ ಅದು ಯಾರ ಕೈಗೂ ಬರುವುದಿಲ್ಲ. ಹೆಂಡತಿ, ಗಂಡ, ಊರಿಂದ ಬಂದ ಅಪ್ಪ ಅಮ್ಮ, ದೊಡ್ಡ ಮಕ್ಕಳು ಎಲ್ಲರ ಕೈಗೂ ಮೈಕ್ ಕೊಡಿ. ಒಂದು ಭಾನುವಾರ ಬಡಾವಣೆಯ ಎರಡು ತುದಿಯಲ್ಲಿ ನಿಂತು ಸಾಮಾನ್ಯ ಚಾನಲ್‌ನಲ್ಲಿ ಮಾತಾಡಿ. ಚಾನಲ್ ಬದಲಿಸುವುದು, ಡ್ಯುಪ್ಲೆಕ್ಸ್ ಹಾಕಿ ತೆಗೆಯುವುದು, ಜಾಗ ಓದಿ ಹೇಳುವುದು, ಇಷ್ಟು ಎಲ್ಲರಿಗೂ ಬರಬೇಕು. ಅಜ್ಜ ಅಜ್ಜಿಗೆ ಇಂಗ್ಲಿಷ್ ಕಷ್ಟವಾದರೆ ತುರ್ತು ಮಾತುಗಳನ್ನು ಕನ್ನಡ ಅಕ್ಷರದಲ್ಲೇ ಬರೆದು ಚೀಟಿಯ ಹಿಂದೆ ಅಂಟಿಸಿ.

ಊರಿಗೆ ತರಬೇಡಿ

ಈ ರೇಡಿಯೋಗಳು ನ್ಯೂಜಿಲೆಂಡ್‌ನಲ್ಲೂ ನಡೆಯುತ್ತವೆ, ಚಾನಲ್‌ಗಳು ಅವೇ. ಭಾರತದಲ್ಲಿ ನಡೆಯುವುದಿಲ್ಲ. 477 ಮೆಗಾಹರ್ಟ್ಸ್ ನಮ್ಮಲ್ಲಿ ಪರವಾನಗಿ ಇಲ್ಲದೆ ಬಳಸುವಂಥದ್ದಲ್ಲ. ಕೊಡಗಿನಲ್ಲೋ ಚಿಕ್ಕಮಗಳೂರಿನ ಬೆಟ್ಟದಲ್ಲೋ ಬಳಸೋಣ ಎಂದು ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರಬೇಡಿ. ಇಲ್ಲಿ ಪರವಾನಗಿ ಇಲ್ಲದೆ ಬಳಸಬಹುದಾದ ಕಡಿಮೆ ಶಕ್ತಿಯ ವಾಕಿಟಾಕಿಗಳು 446.0ರಿಂದ 446.2 ಮೆಗಾಹರ್ಟ್ಸ್‌ನವು. ಕೊಳ್ಳುವಾಗ ಆ ಮಾದರಿಗೆ ಸರ್ಕಾರದ ಅನುಮೋದನೆ ಇದೆಯಾ ಎಂದು ಕೇಳಿ. ಇಲ್ಲಿನ ಗುಡ್ಡಗಳ ಮೇಲಿರುವ ಹ್ಯಾಮ್ ರಿಪೀಟರ್‌ಗಳಲ್ಲಿ ಮಾತಾಡುವ ಆಸೆ ಇದ್ದರೆ ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಪರವಾನಗಿ ಪಡೆಯಬೇಕು.